ಬಾಗಿಲು ಹಾಕಿದ ಮನೆಯ ಬೆಕ್ಕು: ಫ್ಲಾಟ್‌ನಲ್ಲಿ ಸಾಕುವವರಿಗೆ ಕೈಪಿಡಿ

ಹೆಂಚಿನ ಮನೆಯ ಬೆಕ್ಕಿಗೆ ದಿನಕ್ಕೆರಡು ಹಿಡಿ ಹಾಲನ್ನವೋ ಮೊಸರನ್ನವೋ ಸಿಗುತ್ತಿತ್ತು, ಅದು ಗುಂಡಗುಂಡಗೆ ಇರುತ್ತಿತ್ತು. ಅದನ್ನು ನೋಡಿ ಬೆಳೆದವರು ಇವತ್ತೂ ಬೆಕ್ಕಿಗೆ ಮೊಸರನ್ನ ಸಾಕು ಅನ್ನುತ್ತಾರೆ. ಆದರೆ ಆ ಬೆಕ್ಕಿನ ನಿಜವಾದ ಊಟ ಅಟ್ಟದ ಇಲಿ, ಗೋಡೆಯ ಹಲ್ಲಿ, ಹಿತ್ತಲಿನ ಓತಿಕ್ಯಾತ ಮತ್ತು ಮಿಡತೆ. ಮೊಸರನ್ನ ಬರೀ ನೆಂಚಿಕೊಳ್ಳಲಿಕ್ಕೆ. ಅದೇ ಬೆಕ್ಕನ್ನು ನಾಲ್ಕನೇ ಮಹಡಿಯ ಫ್ಲಾಟ್‌ಗೆ ತಂದು ಬಾಗಿಲು ಹಾಕಿಕೊಂಡರೆ ಮೊಸರನ್ನ ಮಾತ್ರ ಉಳಿಯುತ್ತದೆ. ಬೇಟೆ ಇಲ್ಲ, ಕೆದರಿ ಮುಚ್ಚಲು ಮಣ್ಣಿಲ್ಲ, ಉಗುರು ತೀಡಲು ಮರವಿಲ್ಲ, ಬಿಸಿಲಿಗೂ ನೆರಳಿಗೂ ಜಾಗ ಬದಲಿಸುವ ಸ್ವಾತಂತ್ರ್ಯವಿಲ್ಲ. ಹೊರಗೆ ಅದು ತಾನೇ ಹೊಂದಿಸಿಕೊಳ್ಳುತ್ತಿದ್ದ ಪ್ರತಿಯೊಂದನ್ನೂ ಒಳಗೆ ನಾವು ಹೊಂದಿಸಿಕೊಡಬೇಕು.

ಹಾಗೆಂದು ಬಾಗಿಲು ತೆರೆದಿಡಬೇಕಿಲ್ಲ. ನಗರದ ರಸ್ತೆ, ಬೀದಿನಾಯಿ, ಇಲಿಪಾಷಾಣ, ಬೇರೆ ಬೆಕ್ಕುಗಳಿಂದ ಹರಡುವ ಕಾಯಿಲೆ, ಇವುಗಳ ನಡುವೆ ಹೊರಗೆ ತಿರುಗುವ ಬೆಕ್ಕಿನ ಆಯುಸ್ಸು ಚಿಕ್ಕದು. ಒಳಗಿದ್ದು ಚೆನ್ನಾಗಿ ನೋಡಿಕೊಂಡ ಬೆಕ್ಕು 15 ವರ್ಷ ದಾಟುವುದು ವಿಶೇಷವೇನಲ್ಲ.

ಬೆಕ್ಕು ಬರುವ ಮೊದಲು ಬಾಲ್ಕನಿ

ಬೆಕ್ಕು ಎಷ್ಟೆತ್ತರದಿಂದ ಬಿದ್ದರೂ ನಾಲ್ಕು ಕಾಲಿನ ಮೇಲೆ ನಿಲ್ಲುತ್ತದೆ ಎಂಬ ನಂಬಿಕೆಯಿಂದ ಅನೇಕ ಬೆಕ್ಕುಗಳು ಸಾಯುತ್ತಿವೆ. ಬೀಳುವಾಗ ಗಾಳಿಯಲ್ಲೇ ಮೈ ತಿರುಗಿಸಿಕೊಳ್ಳುವ ಶಕ್ತಿ ಬೆಕ್ಕಿಗಿರುವುದು ನಿಜ. ಆದರೆ ಮೂರ್ನಾಲ್ಕು ಮಹಡಿಯ ಪೆಟ್ಟನ್ನು ಕಾಲುಗಳಷ್ಟೇ ತಾಳಲಾರವು; ಎದೆ ನೆಲಕ್ಕೆ ಬಡಿದು ಶ್ವಾಸಕೋಶದಿಂದ ಗಾಳಿ ಸೋರುತ್ತದೆ, ಗಲ್ಲ ಬಡಿದು ಮೇಲಂಗುಳ ಸೀಳುತ್ತದೆ, ದವಡೆ ಮುರಿಯುತ್ತದೆ. ಪಶುವೈದ್ಯರು ಇದಕ್ಕೆ ಹೈ-ರೈಸ್ ಸಿಂಡ್ರೋಮ್ ಎಂದೇ ಹೆಸರಿಟ್ಟಿದ್ದಾರೆ. ಪಾರಿವಾಳದ ಮೇಲೆ ಕಣ್ಣು ನೆಟ್ಟ ಬೆಕ್ಕಿಗೆ ಅಂಚಿನ ಪರಿವೆ ಇರುವುದಿಲ್ಲ. ಕಟ್ಟೆಯ ಮೇಲಿನ ನುಣುಪು ಗ್ರಾನೈಟ್‌ನಲ್ಲಿ ಉಗುರು ಕಚ್ಚುವುದೂ ಇಲ್ಲ.

ಬಾಲ್ಕನಿಗೆ ಬಲೆ ಹಾಕಿಸುವಾಗ ಮೊದಲು ಬಲೆಯ ಕಣ್ಣಿನ, ಅಂದರೆ ಅದರ ತೂತಿನ, ಅಳತೆ ನೋಡಿ. ದೊಡ್ಡ ಬೆಕ್ಕಿಗೆ 4 ಸೆಂ.ಮೀ., ಮರಿ ಇದ್ದರೆ 2.5 ಸೆಂ.ಮೀ. ಮೀರಬಾರದು. ತಲೆ ತೂರಿದಲ್ಲಿ ಮೈಯೂ ತೂರುತ್ತದೆ, ಆದ್ದರಿಂದ 2 ಇಂಚಿಗೊಂದರಂತೆ ತಂತಿ ಎಳೆಯುವ ಇನ್‌ವಿಸಿಬಲ್ ಗ್ರಿಲ್ ಮರಿಯನ್ನು ತಡೆಯುವುದಿಲ್ಲ. ಪಾರಿವಾಳಕ್ಕೆಂದು ಹಾಕುವವರು ಮೇಲೆ ಮತ್ತು ಪಕ್ಕಗಳಲ್ಲಿ ಬಿಗಿಯಾಗಿ ಎಳೆದು ಕೆಳಗಿನ ಅಂಚನ್ನು ಸಡಿಲವಾಗಿ ಬಿಡುವುದುಂಟು, ಏಕೆಂದರೆ ಪಾರಿವಾಳ ಕೆಳಗಿನಿಂದ ನುಗ್ಗುವುದು ಕಡಿಮೆ. ಬೆಕ್ಕು ನುಗ್ಗುವುದೇ ಅಲ್ಲಿ. ನಾಲ್ಕೂ ಬದಿಗೆ ಅಡಿಗೊಂದು ಕೊಕ್ಕೆ ಹೊಡೆಸಿ, ಅಂಚಿನುದ್ದಕ್ಕೂ ಹಗ್ಗ ಓಡಿಸಿ ಬಿಗಿಸಲು ಹೇಳಿ. ಎಸಿ ಪೈಪ್ ಹೊರಹೋಗುವ ತೂತು, ಯುಟಿಲಿಟಿಯಲ್ಲಿ ಬಟ್ಟೆ ಒಣಹಾಕುವ ಕಡೆಯ ಗ್ರಿಲ್, ಬಚ್ಚಲಿನ ಎಕ್ಸಾಸ್ಟ್ ಫ್ಯಾನ್ ತೆಗೆದ ಕಿಂಡಿ, ಇವು ಮರೆತುಹೋಗುವ ಜಾಗಗಳು. ಕೆಲಸ ಮುಗಿದ ಮೇಲೆ ಮಂಡಿಯೂರಿ ಕೂತು, ಬೆಕ್ಕಿನ ಎತ್ತರದಿಂದ ಒಂದು ಸುತ್ತು ನೋಡಿ. ಮೇಲೆ ಹೇಳಿದ ಅಳತೆಗಿಂತ ದೊಡ್ಡ ಸಂದಿ ಎಲ್ಲಿದ್ದರೂ ಅಲ್ಲಿ ಬೆಕ್ಕು ತೂರುತ್ತದೆ ಎಂದು ಲೆಕ್ಕ.

ನೈಲಾನ್ ಬಲೆ ಬಿಸಿಲಿಗೆ ಹಳಸುತ್ತದೆ. ಆರು ತಿಂಗಳಿಗೊಮ್ಮೆ ಹೆಚ್ಚು ಬಿಸಿಲು ಬೀಳುವ ಕಡೆಯ ಒಂದು ಗಂಟನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ತಿಕ್ಕಿ. ಬೆರಳಿಗೆ ಪುಡಿ ಅಂಟಿದರೆ ಅಥವಾ ಎಳೆ ಎದ್ದರೆ ಬದಲಿಸುವ ಕಾಲ ಬಂದಿದೆ. ಬಲೆ ಕಚ್ಚುವ ಚಟದ ಬೆಕ್ಕಿದ್ದರೆ ಸ್ಟೇನ್‌ಲೆಸ್ ಸ್ಟೀಲ್ ಜಾಲರಿಯೇ ಬೇಕು. ಕಿಟಕಿಯ ಫೈಬರ್ ಸೊಳ್ಳೆಪರದೆಯನ್ನು ನಂಬಬೇಡಿ. ಉಗುರು ಹಾಕಿ ಮೈಭಾರ ಬಿಟ್ಟರೆ ಚೌಕಟ್ಟಿನಿಂದಲೇ ಕಳಚಿಬರುತ್ತದೆ.

ಬಿದ್ದ ಬೆಕ್ಕು ಎದ್ದು ನಡೆದಾಡಿದರೂ ಅದೇ ದಿನ ವೈದ್ಯರಿಗೆ ತೋರಿಸಿ. ಎದೆಯೊಳಗಿನ ಗಾಳಿ ಸೋರಿಕೆ, ಮೂತ್ರಕೋಶ ಒಡೆದದ್ದು ಕೆಲವು ಗಂಟೆ ಕಳೆದ ಮೇಲೆ ಗೊತ್ತಾಗುತ್ತವೆ.

ಮನೆಯೊಳಗೆ ಎತ್ತಿಡಬೇಕಾದವು

ಎಲ್ಲಕ್ಕಿಂತ ಮೊದಲು ದಾರ. ಹೂ ಕಟ್ಟುವ ನೂಲು, ಮಲ್ಲಿಗೆ ದಿಂಡಿನ ಬಾಳೆನಾರು, ಸೂಜಿಯ ಜೊತೆಗಿರುವ ದಾರ, ಸಿಹಿತಿಂಡಿ ಡಬ್ಬಿಯ ರಿಬ್ಬನ್, ಗಾಳಿಪಟದ ಮಾಂಜಾ. ಬೆಕ್ಕಿನ ನಾಲಿಗೆಯ ಮುಳ್ಳುಗಳು ಗಂಟಲಿನ ಕಡೆಗೆ ಬಾಗಿರುತ್ತವೆ, ಒಮ್ಮೆ ಸಿಕ್ಕ ದಾರವನ್ನು ಉಗುಳಲು ಅದಕ್ಕೆ ಆಗುವುದಿಲ್ಲ, ನುಂಗುತ್ತಲೇ ಹೋಗುತ್ತದೆ. ದಾರದ ಒಂದು ತುದಿ ನಾಲಿಗೆಯ ಬುಡಕ್ಕೋ ಜಠರದ ಬಾಯಿಗೋ ಸಿಕ್ಕಿಕೊಂಡರೆ, ಕರುಳು ಇನ್ನೊಂದು ತುದಿಯನ್ನು ಮುಂದಕ್ಕೆ ಎಳೆಯುತ್ತಾ ಲಂಗದ ನೆರಿಗೆಯಂತೆ ಮುದುಡಿಕೊಳ್ಳುತ್ತದೆ. ಬಿಗಿದ ದಾರ ಕರುಳನ್ನು ಗರಗಸದಂತೆ ಕೊಯ್ಯುತ್ತದೆ. ಬಾಯಿಂದಲೋ ಗುದದಿಂದಲೋ ದಾರದ ತುದಿ ಕಂಡರೆ ಎಳೆಯಲೇಬೇಡಿ. ಹಾಗೇ ಬಿಟ್ಟು ಆಸ್ಪತ್ರೆಗೆ ಒಯ್ಯಿರಿ. ದೇವರ ಮೇಲಿನ ಹೂಮಾಲೆ ಬಾಡಿದ ತಕ್ಷಣ ಮುಚ್ಚಳವಿರುವ ಬುಟ್ಟಿಗೆ ಹಾಕುವುದು ರೂಢಿಯಾಗಲಿ.

ಔಷಧಿಗಳಲ್ಲಿ ಪ್ಯಾರಾಸಿಟಮಾಲ್ ಅತಿ ಅಪಾಯಕಾರಿ. ಅದನ್ನು ನಿರಪಾಯ ಮಾಡಿ ಹೊರಹಾಕುವ ಕೆಲಸ ಬೆಕ್ಕಿನ ಪಿತ್ತಜನಕಾಂಗಕ್ಕೆ ಸರಿಯಾಗಿ ಬರುವುದಿಲ್ಲ. 500 ಮಿ.ಗ್ರಾಂನ ಒಂದೇ ಮಾತ್ರೆ ಬೆಕ್ಕನ್ನು ಕೊಲ್ಲಬಲ್ಲದು. ರಕ್ತ ಆಮ್ಲಜನಕ ಒಯ್ಯುವ ಶಕ್ತಿ ಕಳೆದುಕೊಂಡು ಒಸಡು ಕಂದು ಬಣ್ಣಕ್ಕೆ ತಿರುಗುತ್ತದೆ, ಮುಖ ಊದುತ್ತದೆ. ಮೈ ಬಿಸಿಯಾಗಿದೆ ಎಂದು ಮಕ್ಕಳ ಜ್ವರದ ಸಿರಪ್ ಹಾಕುವವರಿದ್ದಾರೆ. ಬೆಕ್ಕಿನ ಸಹಜ ಉಷ್ಣತೆಯೇ ಸುಮಾರು 38 ರಿಂದ 39.2 ಡಿಗ್ರಿ ಸೆಲ್ಸಿಯಸ್, ನಮ್ಮ ಕೈಗೆ ಅದು ಯಾವಾಗಲೂ ಬಿಸಿಯೇ. ಐಬುಪ್ರೊಫೆನ್, ಡೈಕ್ಲೊಫೆನಾಕ್ ಕೂಡ ಬೇಡ. ನುಸಿಗುಳಿಗೆ, ಕರ್ಪೂರ, ನೀಲಗಿರಿ ಎಣ್ಣೆ, ಟೀ ಟ್ರೀ ಎಣ್ಣೆ ಎಟುಕದಂತಿರಲಿ. ಫಿನಾಯಿಲ್‌ನಿಂದ ಒರೆಸಿದ ನೆಲದ ಮೇಲೆ ನಡೆದ ಬೆಕ್ಕು ತನ್ನ ಪಾದ ನೆಕ್ಕಿ ಅದನ್ನು ಹೊಟ್ಟೆಗಿಳಿಸಿಕೊಳ್ಳುತ್ತದೆ. ಪಾತ್ರೆ ತೊಳೆಯುವ ಸೋಪು ಬೆರೆಸಿದ ನೀರಿನಿಂದ ಒರೆಸಿ, ಒಣಗಿದ ಮೇಲೆ ಬಿಡಿ.

ಹೂಗುಚ್ಛದಲ್ಲಿ ಬರುವ ಓರಿಯೆಂಟಲ್ ಲಿಲಿ, ಏಷಿಯಾಟಿಕ್ ಲಿಲಿಗಳನ್ನು ಬೆಕ್ಕಿರುವ ಮನೆಯ ಹೊಸ್ತಿಲು ದಾಟಿಸಬೇಡಿ. ಎಲೆ ಕಚ್ಚುವುದು ಹಾಗಿರಲಿ, ಮೈಗೆ ಉದುರಿದ ಪರಾಗವನ್ನು ನೆಕ್ಕಿದರೂ, ಹೂದಾನಿಯ ನೀರು ಕುಡಿದರೂ ಒಂದರಿಂದ ಮೂರು ದಿನದಲ್ಲಿ ಮೂತ್ರಪಿಂಡ ನಿಂತುಹೋಗಬಹುದು. ಲಕ್ಷಣ ಕಾಣುವವರೆಗೆ ಕಾಯದೆ ಅದೇ ಗಂಟೆಯಲ್ಲಿ ಡ್ರಿಪ್ ಶುರುವಾದರೆ ಮಾತ್ರ ಉಳಿಯುವ ಅವಕಾಶ ಚೆನ್ನಾಗಿರುತ್ತದೆ. ಕುಂಡದಲ್ಲಿ ಬೆಳೆಸುವ ಸೈಕಾಸ್, ಕಣಗಿಲೆ, ಗೌರಿ ಹೂವಿನ ಬಳ್ಳಿಯೂ ವಿಷವೇ. ಮನಿ ಪ್ಲಾಂಟ್ ಕಚ್ಚಿದರೆ ಬಾಯಿ ಉರಿದು ಜೊಲ್ಲು ಸುರಿಯುತ್ತದೆ, ಸಾಮಾನ್ಯವಾಗಿ ಪ್ರಾಣಕ್ಕೆ ತೊಂದರೆಯಿಲ್ಲ. ಮೇಯಲು ಒಂದು ಕುಂಡದಲ್ಲಿ ಗೋಧಿ ಬಿತ್ತಿ ಮೊಳಕೆಯ ಹುಲ್ಲು ಬೆಳೆಸಿಕೊಟ್ಟರೆ ಬೇರೆ ಗಿಡಗಳ ಮೇಲಿನ ಕಣ್ಣು ಅರ್ಧ ಕಡಿಮೆಯಾಗುತ್ತದೆ.

ವಾಷಿಂಗ್ ಮೆಷಿನ್ ಚಾಲೂ ಮಾಡುವ ಮೊದಲು ಪ್ರತಿಸಲ ಒಳಗೆ ಕೈಯಾಡಿಸಿ. ಬೆಚ್ಚಗಿನ ಬಟ್ಟೆ ರಾಶಿ ಬೆಕ್ಕಿನ ಮೆಚ್ಚಿನ ಹಾಸಿಗೆ.

ಮೊದಲ ವಾರ ಒಂದೇ ಕೋಣೆ

ಮರಿ ಕನಿಷ್ಠ 8 ವಾರ ತಾಯಿಯ ಬಳಿ ಇರಬೇಕು, 12 ಆದರೆ ಇನ್ನೂ ಒಳ್ಳೆಯದು. ಕಚ್ಚುವುದು ಎಷ್ಟು ಜೋರಾಗಬಾರದು ಎಂಬುದನ್ನು ಅದು ಒಡಹುಟ್ಟಿದ ಮರಿಗಳಿಂದಲೇ ಕಲಿಯುವುದು. ಹೊಸ ಬೆಕ್ಕಿಗೆ ಇಡೀ ಮನೆ ತೋರಿಸುವ ಆತುರ ಬೇಡ. ಒಂದು ಕೋಣೆಯ ಒಂದು ಮೂಲೆಯಲ್ಲಿ ಲಿಟರ್ ಟ್ರೇ (ಬೆಕ್ಕು ಮಲಮೂತ್ರ ಮಾಡಿ ಮುಚ್ಚಲು ಮರಳಿನಂಥ ಲಿಟರ್ ತುಂಬಿದ ತಟ್ಟೆ), ಎದುರು ಮೂಲೆಯಲ್ಲಿ ಊಟ ಮತ್ತು ನೀರು, ಅಡಗಲು ಅಡ್ಡಲಾಗಿ ಮಲಗಿಸಿದ ರಟ್ಟಿನ ಪೆಟ್ಟಿಗೆ. ಮಂಚದ ಕೆಳಗೆ ಸೇರಿಕೊಂಡರೆ ಎಳೆಯಬೇಡಿ. ನೆಲದ ಮೇಲೆ ಕೂತು ನಿಮ್ಮ ಪಾಡಿಗೆ ಓದುತ್ತಿರಿ, ಅದೇ ಬಂದು ಮೂಸುತ್ತದೆ. ಒಂದು ದಿನ ಪೂರ್ತಿ ಏನೂ ತಿನ್ನದಿದ್ದರೆ ಮಾತ್ರ ವೈದ್ಯರಿಗೆ ಫೋನ್ ಮಾಡಿ. ಪುಟ್ಟ ಮರಿಗಾದರೆ ಅಷ್ಟೂ ಹೊತ್ತು ಕಾಯಬಾರದು.

ಮನೆಯಲ್ಲಿ ಮೊದಲೇ ಬೆಕ್ಕಿದ್ದರೆ ಎರಡನ್ನೂ ಮುಖಾಮುಖಿ ಬಿಡುವುದು ಕನಿಷ್ಠ ಎರಡು ವಾರದ ನಂತರ. ಆ ತನಕ ಒಂದರ ಹಾಸುಬಟ್ಟೆ ಇನ್ನೊಂದಕ್ಕೆ, ಮುಚ್ಚಿದ ಬಾಗಿಲಿನ ಎರಡೂ ಕಡೆ ಊಟದ ಬಟ್ಟಲು. ವಾಸನೆ ಮೊದಲು ಪರಿಚಯವಾಗಲಿ. ಈ ಎರಡು ವಾರ ಕಾಯಿಲೆ ಹರಡದಂತೆ ತಡೆಯಲೂ ಬೇಕು.

ಊಟ

ಬೆಕ್ಕು ಮಾಂಸವಿಲ್ಲದೆ ಬದುಕಲಾಗದ ಪ್ರಾಣಿ. ಟಾರಿನ್ ಎಂಬ ಅಮೈನೊ ಆಮ್ಲವನ್ನು ಅದರ ದೇಹ ಸಾಕಷ್ಟು ತಯಾರಿಸಿಕೊಳ್ಳಲಾರದು, ಅದು ಸಿಗುವುದು ಮಾಂಸದಿಂದ. ಕ್ಯಾರೆಟ್‌ನ ಹಳದಿ ಬಣ್ಣದಿಂದ ನಮ್ಮ ಮೈ ಎ ಜೀವಸತ್ವ ಮಾಡಿಕೊಳ್ಳುವಂತೆ ಬೆಕ್ಕಿನ ಮೈ ಮಾಡಿಕೊಳ್ಳುವುದಿಲ್ಲ. ಟಾರಿನ್ ಕೊರತೆಯಾದರೆ ತಿಂಗಳುಗಟ್ಟಲೆ ಏನೂ ಕಾಣಿಸದು, ಆಮೇಲೆ ಕಣ್ಣಿನ ಪಾಪೆ ದೊಡ್ಡದಾಗಿಯೇ ಉಳಿದು ಬೆಕ್ಕು ಗೋಡೆಗೆ ಡಿಕ್ಕಿ ಹೊಡೆಯತೊಡಗುತ್ತದೆ, ಅಥವಾ ಹೃದಯದ ಗೋಡೆ ತೆಳುವಾಗಿ ಹಿಗ್ಗುತ್ತದೆ. ಹೃದಯದ ಈ ಕಾಯಿಲೆಗೂ ಟಾರಿನ್‌ಗೂ ಇರುವ ನಂಟನ್ನು 1987ರಲ್ಲಿ ಅಮೆರಿಕದ ಪಶುವೈದ್ಯ ಪಾಲ್ ಪಿಯಾನ್ ಮತ್ತು ಸಂಗಡಿಗರು ತೋರಿಸಿಕೊಟ್ಟ ಮೇಲೆ ಆಹಾರ ಕಂಪನಿಗಳು ಟಾರಿನ್ ಪ್ರಮಾಣ ಹೆಚ್ಚಿಸಿದವು. ಹಿಗ್ಗಿದ ಹೃದಯ ಟಾರಿನ್ ಕೊಟ್ಟರೆ ಚೇತರಿಸಿಕೊಳ್ಳಬಹುದು, ಹೋದ ಕಣ್ಣು ಮರಳುವುದಿಲ್ಲ.

ಸಸ್ಯಾಹಾರಿ ಮನೆಗಳಿಗೆ ಇದು ನಿಜವಾದ ತೊಡಕು, ಅದನ್ನು ಹಗುರವಾಗಿ ನೋಡಬಾರದು. ಮನೆಯಲ್ಲಿ ಮಾಂಸ ಬೇಯಿಸಬೇಕಾಗಿಲ್ಲ. ಪೊಟ್ಟಣದ ಮೇಲೆ ‘ಸಂಪೂರ್ಣ ಮತ್ತು ಸಮತೋಲಿತ’ ಎಂಬರ್ಥದ ಬರಹವಿರುವ, ವಯಸ್ಸಿಗೆ ತಕ್ಕ ಬೆಕ್ಕಿನ ಆಹಾರವನ್ನು ಬೇರೆ ಡಬ್ಬಿ, ಬೇರೆ ಚಮಚ, ಬೇರೆ ಬಟ್ಟಲಿನಲ್ಲಿ ಯುಟಿಲಿಟಿಯಲ್ಲಿಟ್ಟು ಕೊಡಬಹುದು. ಅದೂ ಆಗದು ಎನ್ನುವವರು ಬೆಕ್ಕನ್ನು ತರದಿರುವುದೇ ಬೆಕ್ಕಿಗೆ ಮಾಡುವ ಉಪಕಾರ. ನಾಯಿಯ ಆಹಾರ ಬೆಕ್ಕಿಗೆ ಆಗುವುದಿಲ್ಲ, ಅದರಲ್ಲಿ ಬೆಕ್ಕಿಗೆ ಬೇಕಾದಷ್ಟು ಟಾರಿನ್ ಇರುವುದಿಲ್ಲ.

ಅಳತೆ ಹೀಗೆ: ಮರಿಯಾಗದಂತೆ ಆಪರೇಷನ್ ಆದ, ಒಳಗೇ ಇರುವ 4 ಕೆ.ಜಿ. ಬೆಕ್ಕಿಗೆ ದಿನಕ್ಕೆ ಹೆಚ್ಚುಕಡಿಮೆ 200 ಕಿಲೊಕ್ಯಾಲರಿ ಸಾಕು. 100 ಗ್ರಾಂಗೆ 380 ಕಿಲೊಕ್ಯಾಲರಿ ಇರುವ ಒಣ ಕಾಳಿನ (ಕಾಳಿನ ರೂಪದ ಬೆಕ್ಕಿನ ಆಹಾರದ) ಲೆಕ್ಕದಲ್ಲಿ ಇದು 50 ರಿಂದ 55 ಗ್ರಾಂ. ಅಡುಗೆಮನೆಯ ತಕ್ಕಡಿಯಲ್ಲಿ ಒಮ್ಮೆ ತೂಗಿ ನೋಡಿ, ಅದು ಎಷ್ಟು ಕಡಿಮೆ ಕಾಣುತ್ತದೆ ಎಂದು ಆಶ್ಚರ್ಯವಾಗುತ್ತದೆ. ಬಟ್ಟಲು ತುಂಬಿಸಿಟ್ಟು ಹೋಗುವ ಮನೆಗಳಲ್ಲಿ ಬೆಕ್ಕು ಉಬ್ಬುವುದು ಇದಕ್ಕೇ. 85 ಗ್ರಾಂನ ತೇವದ ಆಹಾರದ ಪೌಚ್ ಒಂದರಲ್ಲಿ ಸುಮಾರು 60 ರಿಂದ 80 ಕಿಲೊಕ್ಯಾಲರಿ. ದಿನಕ್ಕೊಂದು ಪೌಚ್ ಕೊಟ್ಟರೆ ಕಾಳನ್ನು 35 ಗ್ರಾಂಗೆ ಇಳಿಸಿ. 4 ತಿಂಗಳವರೆಗಿನ ಮರಿಗೆ ದಿನಕ್ಕೆ ನಾಲ್ಕು ಸಲ, 6 ತಿಂಗಳವರೆಗೆ ಮೂರು, ಆಮೇಲೆ ಎರಡು. ಮರಿಗಳಿಗೆ ಮರಿಗಳದ್ದೇ ಆಹಾರ. ಆಹಾರ ಬದಲಿಸುವಾಗ ಹಳೆಯದರ ಜೊತೆ ಸ್ವಲ್ಪಸ್ವಲ್ಪ ಬೆರೆಸುತ್ತಾ ಒಂದು ವಾರ ತೆಗೆದುಕೊಳ್ಳಿ, ಇಲ್ಲವಾದರೆ ಭೇದಿ ಖಂಡಿತ. ಕರಾವಳಿ, ಮಲೆನಾಡಿನ ಮಳೆಗಾಲದಲ್ಲಿ ತೆರೆದ ಚೀಲ ಬೇಗ ಮುಗ್ಗುತ್ತದೆ. ಚೀಲವನ್ನೇ ಗಾಳಿಯಾಡದ ಡಬ್ಬಿಯೊಳಗಿಡಿ.

ಮೈ ಸರಿಯಾಗಿದೆಯೇ ಎಂದು ನೋಡುವುದು ಸುಲಭ. ಪಕ್ಕೆಲುಬಿನ ಮೇಲೆ ಬೆರಳಾಡಿಸಿ. ನಿಮ್ಮ ಅಂಗೈ ಕೆಳಗೆ ಮಾಡಿ ಚಾಚಿದ ಕೈಯ ಹಿಂಬದಿಯನ್ನು ಮುಟ್ಟಿದಂತಿದ್ದರೆ ಸರಿ. ಮುಷ್ಟಿಯ ಗೆಣ್ಣುಗಳಂತೆ ಚುಚ್ಚಿದರೆ ಬಡಕಲು. ಅಂಗೈಯ ಮೆತ್ತೆಯಂತಿದ್ದರೆ ಕೊಬ್ಬು.

ಬೇಯಿಸಿದ ಕೋಳಿ ಕೊಡುವವರು ಉಪ್ಪು, ಮಸಾಲೆ, ಮೂಳೆ ಇಲ್ಲದೆ ದಿನದ ಊಟದ ಹತ್ತರಲ್ಲೊಂದು ಭಾಗ ಮೀರದಂತೆ ಕೊಡಲಿ. ಬರೀ ಕೋಳಿಯ ಮೇಲೆ ಬೆಳೆಸಿದ ಮರಿಯ ಮೂಳೆಗಳು ಹಾರಿದರೂ ಮುರಿಯುವಷ್ಟು ಟೊಳ್ಳಾಗುತ್ತವೆ, ಏಕೆಂದರೆ ಮಾಂಸದಲ್ಲಿ ರಂಜಕವೇ ಹೆಚ್ಚು, ಕ್ಯಾಲ್ಸಿಯಂ ಇಲ್ಲವೆನ್ನುವಷ್ಟು. ಕೆಲವು ಹಸಿ ಮೀನುಗಳಲ್ಲಿರುವ ಕಿಣ್ವ ಬಿ1 ಜೀವಸತ್ವವನ್ನು ನಾಶಮಾಡುತ್ತದೆ. ದಿನಾ ಅದನ್ನೇ ತಿಂದ ಬೆಕ್ಕಿನ ಕತ್ತು ಎದೆಯ ಕಡೆಗೆ ಬಾಗಿ, ನಡಿಗೆ ತೂರಾಡತೊಡಗುತ್ತದೆ. ಮೀನನ್ನು ಬೇಯಿಸಿಯೇ ಹಾಕಿ. ಹಸಿ ಕೋಳಿಯೂ ಬೇಡ, ಸೋಂಕಿದ ಹಕ್ಕಿಯ ಮಾಂಸದಿಂದ ಹಕ್ಕಿಜ್ವರ ಬೆಕ್ಕಿಗೂ ತಗಲಬಹುದು: 2025ರ ಆರಂಭದಲ್ಲಿ ಮಧ್ಯಪ್ರದೇಶದ ಛಿಂದ್ವಾಡಾದಲ್ಲಿ ಸಾಕುಬೆಕ್ಕುಗಳಲ್ಲಿ ಎಚ್5ಎನ್1 ಹಕ್ಕಿಜ್ವರ ಪತ್ತೆಯಾಯಿತು. ಈರುಳ್ಳಿ, ಬೆಳ್ಳುಳ್ಳಿ ಬಿದ್ದ ಸಾರು, ಸಾಂಬಾರು, ಮಾಂಸದ ಗ್ರೇವಿ ಯಾವುದೂ ಬೇಡ. ಅವು ಕೆಂಪು ರಕ್ತಕಣಗಳನ್ನು ಒಡೆಯುತ್ತವೆ, ಬೇಯಿಸಿದರೂ ವಿಷ ಹೋಗುವುದಿಲ್ಲ.

ಇನ್ನು ಹಾಲು. ಮರಿತನ ಕಳೆದ ಮೇಲೆ ಹಾಲಿನ ಸಕ್ಕರೆಯನ್ನು ಅರಗಿಸುವ ಶಕ್ತಿ ಹೆಚ್ಚಿನ ಬೆಕ್ಕುಗಳಲ್ಲಿ ಕುಂದುತ್ತದೆ, ಆದರೂ ರುಚಿಗೆ ಕುಡಿಯುತ್ತವೆ, ಮರುದಿನ ಭೇದಿಯಾಗುತ್ತದೆ. ತಾಯಿ ಕಳೆದುಕೊಂಡ ಎಳೆಮರಿಗೆ ಹಸುವಿನ ಹಾಲಿಗಿಂತ ಬೆಕ್ಕಿನ ಮರಿಗೆಂದೇ ಸಿಗುವ ಹಾಲಿನ ಪುಡಿಯೇ ಸರಿ. ಮರಿಯನ್ನು ಬೆನ್ನ ಮೇಲೆ ಮಲಗಿಸಿ ಕುಡಿಸಬಾರದು, ಹಾಲು ಶ್ವಾಸಕೋಶಕ್ಕೆ ಇಳಿಯುತ್ತದೆ. ಹೊಟ್ಟೆ ಕೆಳಗಾಗಿಯೇ ಇರಲಿ. ಮೂರು ವಾರದೊಳಗಿನ ಮರಿಗೆ ಪ್ರತಿ ಸಲ ಕುಡಿಸಿದ ಮೇಲೆ ಬೆಚ್ಚಗಿನ ಒದ್ದೆ ಹತ್ತಿಯಿಂದ ಹಿಂಬದಿ ಸವರಿ ಉಚ್ಚೆ ಮಾಡಿಸಬೇಕು, ತಾಯಿ ನೆಕ್ಕಿ ಮಾಡಿಸುವ ಕೆಲಸ ಅದು.

ಬೆಕ್ಕಿಗೆ ಆಹಾರದ್ದೂ ಸೇರಿ ದಿನಕ್ಕೆ ಕೆ.ಜಿ.ಗೆ ಸುಮಾರು 50 ಮಿ.ಲೀ. ನೀರು ಬೇಕು. ಒಣ ಕಾಳಿನಲ್ಲಿ ನೀರಿನಂಶ ಹತ್ತು ಪ್ರತಿಶತದಷ್ಟು, ಪೌಚ್‌ನ ತೇವದ ಆಹಾರದಲ್ಲಿ 75ಕ್ಕೂ ಹೆಚ್ಚು. ಬೆಕ್ಕು ಸ್ವಭಾವತಃ ಕಡಿಮೆ ಕುಡಿಯುವುದರಿಂದ ಬರೀ ಕಾಳು ತಿನ್ನುವ ಬೆಕ್ಕಿಗೆ ಮನೆಯಲ್ಲಿ ಮೂರು ಕಡೆಯಾದರೂ ನೀರಿಡಿ, ಊಟದಿಂದಲೂ ಲಿಟರ್‌ನಿಂದಲೂ ದೂರವಾಗಿ. ಅಗಲ ಬಾಯಿಯ ಮಣ್ಣಿನ ಬಟ್ಟಲು ಚೆನ್ನ, ಬೇಸಿಗೆಯಲ್ಲಿ ನೀರು ತಣ್ಣಗಿರುತ್ತದೆ, ಮೀಸೆ ತಾಗುವುದಿಲ್ಲ.

ಲಿಟರ್ ಟ್ರೇ

ಅಂಗಡಿಯಲ್ಲಿ ಸಿಗುವ ಟ್ರೇಗಳು ಹೆಚ್ಚಾಗಿ ಚಿಕ್ಕವು. ಮೂತಿಯಿಂದ ಬಾಲದ ಬುಡದವರೆಗಿನ ಉದ್ದದ ಒಂದೂವರೆ ಪಟ್ಟು ಬೇಕು. ಬಟ್ಟೆ ನೆನೆಸುವ ದೊಡ್ಡ ಪ್ಲಾಸ್ಟಿಕ್ ಟಬ್ಬಿನ ಒಂದು ಬದಿಯನ್ನು ತಗ್ಗಾಗಿ ಕತ್ತರಿಸಿದರೆ ಒಳ್ಳೆಯ ಟ್ರೇ. ಬೆಕ್ಕಿನ ಸಂಖ್ಯೆಗಿಂತ ಒಂದು ಹೆಚ್ಚು ಟ್ರೇ ಇಡುವುದು ಲೆಕ್ಕ. ಲಿಟರನ್ನು 5 ರಿಂದ 7 ಸೆಂ.ಮೀ. ಆಳಕ್ಕೆ ಹರಡಿ. ಒದ್ದೆಯಾದರೆ ಗಟ್ಟಿಕಟ್ಟುವ ಬೆಂಟೊನೈಟ್ ಜೇಡಿಮಣ್ಣಿನ ಲಿಟರ್ ಬೆಕ್ಕುಗಳಿಗೆ ಇಷ್ಟ, ಆದರೆ ಎರಡು ತಿಂಗಳೊಳಗಿನ ಮರಿಗಳು ಅದನ್ನು ತಿಂದುಬಿಡುತ್ತವೆ, ಅವಕ್ಕೆ ಮರದ ಗುಳಿಗೆಯೋ ಮರಳೋ ಇರಲಿ. ಹಿತ್ತಲಿನಲ್ಲಿ ಬೆಳೆದ ಬೆಕ್ಕು ಟ್ರೇ ಮುಟ್ಟದಿದ್ದರೆ ಮೊದಲ ವಾರ ಅದೇ ಹಿತ್ತಲಿನ ಎರಡು ಹಿಡಿ ಮಣ್ಣು ಮೇಲೆ ಉದುರಿಸಿ, ದಿನದಿನಕ್ಕೆ ಕಡಿಮೆ ಮಾಡಿ.

ದಿನಕ್ಕೆ ಎರಡು ಸಲ ಬಾಚಿ ತೆಗೆಯಿರಿ. ಗರ್ಭಿಣಿಯರಿರುವ ಮನೆಯಲ್ಲಿ, ಹೊಟ್ಟೆಯೊಳಗಿನ ಮಗುವಿಗೆ ತೊಂದರೆ ಮಾಡಬಲ್ಲ ಟಾಕ್ಸೊಪ್ಲಾಸ್ಮಾ ಎಂಬ ಪರೋಪಜೀವಿಯ ಭಯಕ್ಕೆ ಬೆಕ್ಕನ್ನೇ ಹೊರಹಾಕುವುದುಂಟು, ಅದು ಬೇಕಿಲ್ಲ. ಬೆಕ್ಕಿನ ಮಲದಲ್ಲಿ ಬಂದ ಆ ಪರೋಪಜೀವಿ ಸೋಂಕು ಹರಡುವ ಸ್ಥಿತಿಗೆ ಬರಲು ಒಂದರಿಂದ ಐದು ದಿನ ಹಿಡಿಯುತ್ತದೆ. ಮನೆಯ ಬೇರೆಯವರು ಪ್ರತಿದಿನ ತಪ್ಪದೆ ತೆಗೆದರೆ, ಬೆಕ್ಕಿಗೆ ಹಸಿ ಮಾಂಸ ಹಾಕದಿದ್ದರೆ ಅಪಾಯ ತೀರಾ ಕಡಿಮೆ. ಟ್ರೇ ತೊಳೆಯಲು ಫಿನಾಯಿಲ್ ಬೇಡ, ಬಿಸಿನೀರು ಸೋಪು ಸಾಕು. ಟ್ರೇ ಬಿಟ್ಟು ಹಾಸಿಗೆಯ ಮೇಲೆ ಉಚ್ಚೆ ಮಾಡತೊಡಗಿದರೆ ಹಟವೆಂದು ಗದರಬೇಡಿ. ಮೊದಲು ಮೂತ್ರ ಪರೀಕ್ಷೆ ಮಾಡಿಸಿ.

ಲಸಿಕೆ, ಜಂತು, ಚಿಗಟ

ಬೆಕ್ಕಿನ ಮೂರು ವೈರಸ್ ಕಾಯಿಲೆಗಳನ್ನು ತಡೆಯುವ ಟ್ರೈಕ್ಯಾಟ್ ಲಸಿಕೆ 8, 12, 16ನೇ ವಾರಗಳಲ್ಲಿ, ರೇಬಿಸ್ 12ನೇ ವಾರದಲ್ಲಿ, ವರ್ಷದ ನಂತರ ಎರಡರ ಬೂಸ್ಟರ್. ಮೂರು ಸಲ ಯಾಕೆಂದರೆ, ತಾಯಿಯ ಹಾಲಿನಿಂದ ಬಂದ ಪ್ರತಿಕಾಯಗಳು ಇರುವವರೆಗೆ ಲಸಿಕೆಯನ್ನು ಅವೇ ಹೊಡೆದುಹಾಕುತ್ತವೆ, ಅವು ಯಾವ ಮರಿಯಲ್ಲಿ ಯಾವ ವಾರ ಕರಗುತ್ತವೆ ಎಂದು ಹೊರಗಿನಿಂದ ಹೇಳಲಾಗದು. ಒಂದೇ ಡೋಸ್ ಹಾಕಿಸಿ ನಿಲ್ಲಿಸಿದ ಮರಿಗಳು ಪ್ಯಾನ್‌ಲ್ಯುಕೊಪೇನಿಯಾ ಎಂಬ ಮಾರಕ ವಾಂತಿಭೇದಿಯ ವೈರಸ್ ಕಾಯಿಲೆಗೆ ಸಿಕ್ಕುವುದು ಹೀಗೆ. ಈ ವೈರಸ್ ನೆಲದಲ್ಲಿ ಒಂದು ವರ್ಷದವರೆಗೂ ಉಳಿಯಬಲ್ಲದು, ನಿಮ್ಮ ಚಪ್ಪಲಿಯಲ್ಲೇ ಒಳಬರಬಲ್ಲದು; ಬಾಗಿಲು ಹಾಕಿದ ಮನೆಯ ಬೆಕ್ಕಿಗೂ ಲಸಿಕೆ ಬೇಕೆನ್ನುವುದು ಇದಕ್ಕೆ. ಈ ಕಾಯಿಲೆಯಿಂದ ಬೆಕ್ಕು ಸತ್ತ ಮನೆಯಲ್ಲಿ ಸ್ಯಾನಿಟೈಸರ್ ಕೆಲಸಕ್ಕೆ ಬಾರದು. ನೆಲವನ್ನು ಮೊದಲು ಸೋಪಿನಿಂದ ತೊಳೆದು, 1 ಲೀಟರ್ ನೀರಿಗೆ 30 ಮಿ.ಲೀ. ಬ್ಲೀಚ್ ಬೆರೆಸಿ 10 ನಿಮಿಷ ಒದ್ದೆಯಾಗಿ ಬಿಟ್ಟು ತೊಳೆಯಬೇಕು.

ಬೆಕ್ಕು ಕಚ್ಚಿದರೆ, ಪರಚಿ ರಕ್ತ ಬಂದರೆ ಹರಿಯುವ ನೀರಿನಲ್ಲಿ ಸೋಪು ಹಚ್ಚಿ 15 ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ. ಅರಿಸಿನ, ಸುಣ್ಣ, ಖಾರದಪುಡಿ ಹಚ್ಚಬೇಡಿ.

ಜಂತುಹುಳುವಿನ ಔಷಧಿ ಮರಿಗೆ 3 ವಾರದಿಂದ ಎರಡು ವಾರಕ್ಕೊಮ್ಮೆ, 2 ತಿಂಗಳ ನಂತರ ತಿಂಗಳಿಗೊಮ್ಮೆ, 6 ತಿಂಗಳಾದ ಮೇಲೆ ಮೂರು ತಿಂಗಳಿಗೊಮ್ಮೆ, ಪ್ರತಿಸಲ ತೂಕ ನೋಡಿ. ಬಾಲದ ಕೆಳಗೆ ಅಕ್ಕಿಕಾಳಿನಂಥ ಬಿಳಿ ತುಣುಕು ಅಂಟಿದ್ದರೆ ಅದು ಲಾಡಿಹುಳು, ಚಿಗಟದ ಮೂಲಕ ಬಂದದ್ದು. ಚಿಗಟವಿದೆಯೇ ಎಂದು ನೋಡಲು ಹೇನುಬಾಚಣಿಗೆಯಿಂದ ಸೊಂಟದ ಮೇಲೆ ಬಾಚಿ, ಉದುರಿದ ಕಪ್ಪು ಪುಡಿಯನ್ನು ಒದ್ದೆ ಬಿಳಿ ಟಿಶ್ಯೂ ಮೇಲೆ ಹಾಕಿ. ಸುತ್ತ ತುಕ್ಕಿನ ಕೆಂಪು ಹರಡಿದರೆ ಅದು ಚಿಗಟದ ಹಿಕ್ಕೆ, ಜೀರ್ಣವಾದ ರಕ್ತ. ಬೆಕ್ಕಿಗೆಂದೇ ಇರುವ ಔಷಧಿಯನ್ನು ತಲೆಬುರುಡೆಯ ಬುಡದಲ್ಲಿ, ನಾಲಿಗೆಗೆ ಎಟುಕದ ಕಡೆ, ಕೂದಲು ಬಗೆದು ಚರ್ಮಕ್ಕೇ ಬೀಳುವಂತೆ ಹಾಕಿ. ನಾಯಿಗೆ ತಂದದ್ದರಲ್ಲಿ ಉಳಿದ ಅರ್ಧ ಟ್ಯೂಬನ್ನು ಎಂದಿಗೂ ಹಾಕಬೇಡಿ. ಅದರಲ್ಲಿ ಪರ್ಮೆಥ್ರಿನ್ ಎಂಬ ಕೀಟನಾಶಕ ಇದ್ದರೆ ಕೆಲವೇ ಗಂಟೆಗಳಲ್ಲಿ ಕಿವಿ ಅದುರತೊಡಗಿ, ಆಮೇಲೆ ಇಡೀ ಮೈಗೆ ಸೆಳೆತ ಬರುತ್ತದೆ. ಹಾಕಿದ್ದು ಆಗಿಹೋಗಿದ್ದರೆ ಉಗುರುಬೆಚ್ಚಗಿನ ನೀರು, ಪಾತ್ರೆ ಸೋಪಿನಲ್ಲಿ ತೊಳೆದು ತಕ್ಷಣ ಹೊರಡಿ.

ಆಪರೇಷನ್

ಹೆಣ್ಣು ಬೆಕ್ಕು ನಾಲ್ಕೈದು ತಿಂಗಳಿಗೇ ಬೆದೆಗೆ ಬರಬಹುದು, ಗರ್ಭ ಒಂಬತ್ತು ವಾರ. ಒಂದು ಸಲ ಮರಿ ಹಾಕಲಿ ಎಂದು ಕಾಯುವುದರಿಂದ ಬೆಕ್ಕಿನ ಆರೋಗ್ಯಕ್ಕೆ ಯಾವ ಲಾಭವೂ ಇಲ್ಲ. 6 ತಿಂಗಳೊಳಗೆ ಮಾಡಿಸಿದರೆ ಮುಂದೆ ಸ್ತನದ ಕ್ಯಾನ್ಸರ್ ಬರುವ ಸಾಧ್ಯತೆ ಬಹಳ ಇಳಿಯುತ್ತದೆ, ಗರ್ಭಕೋಶದಲ್ಲಿ ಕೀವು ತುಂಬುವ ಭಯ ತಪ್ಪುತ್ತದೆ. ಗಂಡಿಗೆ ಮಾಡಿಸಿದರೆ ಗೋಡೆಗೆ ಉಚ್ಚೆ ಸಿಂಪಡಿಸುವುದು, ಬೆದೆಯ ಹೆಣ್ಣಿನ ಕೂಗು ಕೇಳಿ ಬಲೆ ಹರಿಯುವುದು ಕಡಿಮೆಯಾಗುತ್ತದೆ. ಹಿಂದಿನ ರಾತ್ರಿಯ ಉಪವಾಸ ಎಷ್ಟು ಗಂಟೆ ಎಂದು ಕೇಳಿಕೊಳ್ಳಿ. ಮರಿಗಳನ್ನು ದೊಡ್ಡ ಬೆಕ್ಕಿನಷ್ಟು ಹೊತ್ತು ಉಪವಾಸ ಕೆಡವಬಾರದು, ರಕ್ತದ ಸಕ್ಕರೆ ಕುಸಿಯುತ್ತದೆ. ಹೆಣ್ಣಿಗೆ 10 ರಿಂದ 14 ದಿನ ಕೊರಳಿನ ಕೋನ್ ತೆಗೆಯಬೇಡಿ. ಪಾಪ ಎನಿಸಿ ರಾತ್ರಿ ಬಿಚ್ಚಿದರೆ ಬೆಳಗಾಗುವುದರೊಳಗೆ ಹೊಲಿಗೆ ಕಿತ್ತಿರುತ್ತದೆ.

ಕಾಯಬಾರದ ಲಕ್ಷಣಗಳು

ಗಂಡು ಬೆಕ್ಕು ಟ್ರೇಗೆ ಮತ್ತೆ ಮತ್ತೆ ಹೋಗಿ, ಬೆನ್ನು ಬಾಗಿಸಿ ಕೂತು ತಿಣುಕುತ್ತದೆ, ಒಂದೆರಡು ಹನಿಯೋ ಏನೂ ಇಲ್ಲವೋ. ಕೂಗುತ್ತದೆ, ಹಿಂಬದಿ ನೆಕ್ಕಿಕೊಳ್ಳುತ್ತದೆ. ಮನೆಯವರು ಮಲಬದ್ಧತೆ ಎಂದುಕೊಂಡು ಎಣ್ಣೆ ಕುಡಿಸಿ ಒಂದು ದಿನ ಕಳೆಯುತ್ತಾರೆ, ಆ ಒಂದು ದಿನವೇ ಬೆಕ್ಕಿನ ಪ್ರಾಣ. ಮೂತ್ರನಾಳ ಕಟ್ಟಿಕೊಂಡಾಗ ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯ ನಿಲ್ಲುತ್ತದೆ. ಪೂರ್ತಿ ಕಟ್ಟಿದ್ದರೆ 24 ರಿಂದ 48 ಗಂಟೆಯಲ್ಲಿ ಸಾವು ಬರಬಹುದು. ಹೊಟ್ಟೆಯ ಹಿಂಭಾಗದಲ್ಲಿ ನಿಂಬೆಹಣ್ಣಿನಂಥ ಗಟ್ಟಿ ಉಂಡೆ ಕೈಗೆ ಸಿಗಬಹುದು, ಅದನ್ನು ಒತ್ತಬೇಡಿ, ಒಡೆಯಬಹುದು. ಅರ್ಧರಾತ್ರಿಯಾದರೂ ಹೊರಡಿ. ಪೌಚ್‌ನ ತೇವದ ಆಹಾರ, ಹೆಚ್ಚು ನೀರು, ತೂಕ ಹಿಡಿತದಲ್ಲಿಡುವುದು ಇದನ್ನು ತಡೆಯುವ ದಾರಿಗಳು.

ಬಾಯಿ ತೆರೆದು ಉಸಿರಾಡುವುದು ನಾಯಿಗೆ ಸಹಜ, ಬೆಕ್ಕಿಗೆ ತುರ್ತು. ಮಲಗಿದ್ದಾಗ ಎದೆಯ ಏರಿಳಿತ ಎಣಿಸಿ. ನಿಮಿಷಕ್ಕೆ 30ರೊಳಗೆ ಇರಬೇಕು, 40 ದಾಟಿದರೆ ತೋರಿಸಿ. ಹಿಂಗಾಲುಗಳು ಇದ್ದಕ್ಕಿದ್ದಂತೆ ಬಿದ್ದುಹೋಗಿ ತಣ್ಣಗಾದರೆ ರಕ್ತ ಹೆಪ್ಪುಗಟ್ಟಿ ನಾಳ ಮುಚ್ಚಿರಬಹುದು. ದಪ್ಪ ಬೆಕ್ಕು ಎರಡು ದಿನ ಊಟ ಬಿಟ್ಟರೆ ಮೈಕೊಬ್ಬು ಪಿತ್ತಜನಕಾಂಗಕ್ಕೆ ನುಗ್ಗಿ ಕಾಮಾಲೆಯಾಗುತ್ತದೆ, ಆದ್ದರಿಂದ ಬೆಕ್ಕಿಗೆ ‘ಒಂದೆರಡು ದಿನ ಲಂಘನ’ ಎಂಬ ಮನೆಮದ್ದು ಹೊಂದುವುದಿಲ್ಲ. ವಿಷ ತಿಂದಾಗ ಉಪ್ಪುನೀರು ಕುಡಿಸಿ ವಾಂತಿ ಮಾಡಿಸಬೇಡಿ. ತಿಂದದ್ದರ ಪೊಟ್ಟಣವನ್ನು ಜೊತೆಗೆ ಒಯ್ಯಿರಿ.

ತಿಂಗಳಿಗೊಮ್ಮೆ ತೂಕ ಬರೆದಿಡಿ. ಬೆಕ್ಕನ್ನು ಎತ್ತಿಕೊಂಡು ತಕ್ಕಡಿ ಹತ್ತಿ, ಆಮೇಲೆ ಒಬ್ಬರೇ ಹತ್ತಿ ಕಳೆಯಿರಿ. 4 ಕೆ.ಜಿ. ಬೆಕ್ಕು 400 ಗ್ರಾಂ ಇಳಿದರೆ ಅದು ಹತ್ತನೇ ಒಂದು ಭಾಗ, ಕೂದಲಿನಡಿ ಕಣ್ಣಿಗೆ ಕಾಣುವುದೂ ಇಲ್ಲ. 7 ವರ್ಷದ ನಂತರ ವರ್ಷಕ್ಕೊಮ್ಮೆ ರಕ್ತ ಪರೀಕ್ಷೆ. ನೀರು ಹೆಚ್ಚು ಕುಡಿಯತೊಡಗುವುದು ಮೂತ್ರಪಿಂಡದ ಮೊದಲ ದೂರು.

ಮೇಲ್ಭಾಗ ಬಿಚ್ಚಿಬರುವ ಗಟ್ಟಿ ಪ್ಲಾಸ್ಟಿಕ್ ಕ್ಯಾರಿಯರ್ ಕೊಳ್ಳಿ. ಆಸ್ಪತ್ರೆಗೆ ಹೋಗುವ ದಿನ ಮಾತ್ರ ಅಟ್ಟದಿಂದ ಇಳಿಸಿದರೆ ಅದನ್ನು ಕಂಡೊಡನೆ ಬೆಕ್ಕು ಮಾಯವಾಗುತ್ತದೆ. ವರ್ಷವಿಡೀ ಬಾಗಿಲು ತೆರೆದು, ಹಳೆ ಟವೆಲ್ ಹಾಸಿ, ಆಗಾಗ ಒಂದೆರಡು ಕಾಳು ಹಾಕಿ ಮೂಲೆಯಲ್ಲೇ ಇಡಿ. ಬಟ್ಟೆ ಚೀಲದಲ್ಲಿ ಸ್ಕೂಟರ್ ಮೇಲೆ ಒಯ್ಯಬೇಡಿ, ಒಂದು ಹಾರ್ನ್‌ಗೆ ಹರಿದುಕೊಂಡು ಹಾರುತ್ತದೆ.

ಉಗುರು ಮತ್ತು ಆಟ

ಸೋಫಾ ಉಳಿಯಬೇಕಾದರೆ ಉಗುರು ತೀಡಲು ಸೋಫಾದ ಪಕ್ಕದಲ್ಲೇ ಕಂಬ ಬೇಕು. ಭಾರದ ಹಲಗೆಗೆ ನಿಲ್ಲಿಸಿದ ಮೂರಡಿ ಮರದ ಕಂಬಕ್ಕೆ ತೆಂಗಿನ ನಾರಿನ ಹಗ್ಗವನ್ನೋ ಗೋಣಿತಟ್ಟನ್ನೋ ಬಿಗಿಯಾಗಿ ಸುತ್ತಿ. ಅಲುಗಾಡಿದರೆ ಬೆಕ್ಕು ಎರಡನೇ ಸಲ ಮುಟ್ಟುವುದಿಲ್ಲ. ಎರಡು ಮೂರು ವಾರಕ್ಕೊಮ್ಮೆ ಉಗುರಿನ ಪಾರದರ್ಶಕ ತುದಿಯನ್ನಷ್ಟೇ ಕತ್ತರಿಸಿ, ಒಳಗಿನ ಗುಲಾಬಿ ಗೆರೆ ಮುಟ್ಟಬೇಡಿ. ಬೆಳಿಗ್ಗೆ ಸಂಜೆ ಹತ್ತತ್ತು ನಿಮಿಷ ಕೋಲಿಗೆ ಕಟ್ಟಿದ ಗರಿಯನ್ನು ಇಲಿಯಂತೆ ಓಡಿಸಿ, ಕೊನೆಗೆ ಹಿಡಿಯಲು ಬಿಟ್ಟು ತಕ್ಷಣ ಊಟ ಕೊಡಿ. ಬೇಟೆ, ಊಟ, ನಿದ್ದೆ, ಅದರ ಕ್ರಮ ಅದು. ನಡುರಾತ್ರಿ ಕಾಲು ಕಚ್ಚಿ ಎಬ್ಬಿಸುವ ಬೆಕ್ಕುಗಳಿಗೆ ಮಲಗುವ ಮುಂಚಿನ ಈ ಹತ್ತು ನಿಮಿಷವೇ ಮದ್ದು.

ತಪ್ಪಿಸಿಕೊಂಡರೆ

ದೀಪಾವಳಿಯ ಮೂರು ದಿನ ಸಂಜೆ ಐದಕ್ಕೇ ಕಿಟಕಿಗಳನ್ನು ಮುಚ್ಚಿ, ಒಳಕೋಣೆಯಲ್ಲಿ ಅಡಗುವ ಪೆಟ್ಟಿಗೆಯಿಟ್ಟು ಫ್ಯಾನ್ ಹಾಕಿ. ಎಳೆದರೆ ಕಳಚಿಕೊಳ್ಳುವ ಕೊರಳಪಟ್ಟಿಗೆ ಫೋನ್ ನಂಬರ್ ಬರೆದಿರಲಿ. ಸಾಧ್ಯವಾದರೆ ಚರ್ಮದಡಿ ಕೂರುವ, 15 ಅಂಕಿಯ ಗುರುತಿನ ಮೈಕ್ರೊಚಿಪ್ ಹಾಕಿಸಿ.

ಇಷ್ಟಾಗಿಯೂ ಕಾಣೆಯಾದರೆ ಬೀದಿಬೀದಿ ಕೂಗುತ್ತಾ ಓಡಬೇಡಿ. ಒಳಗೇ ಬೆಳೆದ ಬೆಕ್ಕು ದೂರ ಹೋಗುವುದಿಲ್ಲ, ಮೊದಲು ಸಿಕ್ಕ ಸಂದಿಗೆ ಹೊಕ್ಕು ಹೆದರಿ ಸುಮ್ಮನಾಗುತ್ತದೆ, ನಿಮ್ಮ ದನಿಗೂ ಓಗೊಡುವುದಿಲ್ಲ. ನಿಮ್ಮದೇ ಕಟ್ಟಡದ ಮೆಟ್ಟಿಲ ಕೆಳಗಿನ ಜಾಗ, ಲಿಫ್ಟ್ ಪಕ್ಕದ ಡಕ್ಟ್, ಮೀಟರ್ ಪೆಟ್ಟಿಗೆಗಳ ಹಿಂದೆ, ಸಂಪಿನ ಸುತ್ತ, ನಿಂತ ಕಾರುಗಳ ಕೆಳಗೆ ನೋಡಿ. ಕಾರಿನವರಿಗೆ ಬೆಳಿಗ್ಗೆ ಹೊರಡುವ ಮುಂಚೆ ಬಾನೆಟ್ ತಟ್ಟಲು ಹೇಳಿ. ರಾತ್ರಿ ಒಂದರಿಂದ ನಾಲ್ಕರ ನಡುವೆ, ಓಡಾಟ ನಿಂತ ಮೇಲೆ, ಟಾರ್ಚನ್ನು ನಿಮ್ಮ ಕಣ್ಣಿನ ಮಟ್ಟದಲ್ಲಿ ಹಿಡಿದು ನೆಲದ ಮೇಲೆ ನಿಧಾನ ಸರಿಸಿ. ಎರಡು ಹಸಿರು ಚುಕ್ಕಿ ಹೊಳೆದರೆ ಅಲ್ಲೇ ಕೂತುಬಿಡಿ. ಹತ್ತಿರ ಹೋಗಬೇಡಿ, ಪೌಚ್ ಒಡೆದು ಮುಂದಿಟ್ಟು, ಅದರ ಹಾಸುಬಟ್ಟೆಯನ್ನು ಕ್ಯಾರಿಯರ್‌ನೊಳಗೆ ಹಾಕಿ ಬಾಗಿಲು ತೆರೆದಿಟ್ಟು, ಕಾಯಿರಿ.